ಗುಂಡಿನ ಮುಂದೆ, ಗುಂಡಿನ ಹಿಂದೆ

ಚುನಾವಣೆ ಘೋಷಣೆಯಾಯಿತೆಂದರೆ ಗದಗ ಸೀಮೆಯ ಪೊಲೀಸ್ ಠಾಣೆಗಳಿಗೆ ಬಂದೂಕುಗಳು ಬರತೊಡಗುತ್ತವೆ. ನೀತಿಸಂಹಿತೆ ಮುಗಿಯುವವರೆಗೆ ಲೈಸೆನ್ಸುದಾರರು ತಮ್ಮ ಆಯುಧ ಜಮಾ ಮಾಡಿ ರಸೀದಿ ಪಡೆಯಬೇಕೆಂದು ಆದೇಶ ಹೊರಡುವುದು ವಾಡಿಕೆ. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ, ಎಲ್ಲಿಯಾದರೂ ಸರಿ, ಹೀಗೆ ಬರುವ ಬಂದೂಕುಗಳು ಸಾಮಾನ್ಯವಾಗಿ ಮೂರು ಜಾತಿಯವು. ಹೊಲ ಕಾಯುವ ರೈತನ ಕೇಪಿನ ಬಂದೂಕು, ಅಂದರೆ ಬಾಯಿಯಿಂದ ಮದ್ದು ತುಂಬುವಂಥದು, ಮೊದಲನೆಯದು. ವಾಡೆಯ ಮನೆತನಗಳ ಜೋಡುನಳಿಗೆಯ ಹನ್ನೆರಡು ಬೋರ್ ಎರಡನೆಯದು. ಅಪರೂಪಕ್ಕೆ ಒಂದು ರೈಫಲ್, ಹೆಚ್ಚಾಗಿ ಸರ್ಕಾರಿ ಆರ್ಡ್‌ನೆನ್ಸ್ ಕಾರ್ಖಾನೆಯ .315.

ಇದಕ್ಕೆ ಕಾನೂನೂ ಕಾರಣ. 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಮಿನಲ್ಲಿ ಬೆಳೆ ರಕ್ಷಣೆಗೆ ಬಾಯಿಯಿಂದ ತುಂಬುವ ಬಂದೂಕಿಗೂ, ಆತ್ಮರಕ್ಷಣೆ ಅಥವಾ ಕ್ರೀಡೆಗೆ 20 ಇಂಚಿಗೆ ಕಡಿಮೆಯಿಲ್ಲದ ನಳಿಗೆಯ, ಒಳಮೈ ನುಣುಪಾದ ಬಂದೂಕಿಗೂ ಪ್ರತ್ಯೇಕ ಜಾಗ ಕೊಟ್ಟಿದ್ದಾರೆ. ರೈಫಲಿನ ದಾರಿ ಅಷ್ಟು ಸಲೀಸಲ್ಲ. ಪೊಲೀಸರ ಕೈಯಲ್ಲಿ ದಶಕಗಟ್ಟಲೆ ಇದ್ದ ತ್ರೀ ನಾಟ್ ತ್ರೀ ಜನಸಾಮಾನ್ಯರಿಗೆ ನಿಷಿದ್ಧ ಬೋರ್. ಆ ಜಾಗಕ್ಕೆ ಬಂದದ್ದೇ .315.

ಮೂರೂ ಬಂದೂಕುಗಳ ನಳಿಗೆಯಲ್ಲಿ ಕಣ್ಣಿಗೆ ಬೀಳದ ಒಂದು ಖಾಲಿ ಜಾಗದ ಪ್ರಶ್ನೆ ಇದೆ. ಒಂದರಲ್ಲಿ ಅದು ಇದ್ದರೆ ಒಳ್ಳೆಯದು, ಇನ್ನೊಂದರಲ್ಲಿ ಇದ್ದರೆ ಕೈ ಹೋಗುತ್ತದೆ.

ರೈಫಲಿನಿಂದಲೇ ಶುರುಮಾಡೋಣ. ನಳಿಗೆಯ ಹಿಂತುದಿಯಲ್ಲಿ ತೋಟಾ ಕೂರುವ ಭಾಗ ಚೇಂಬರ್. ಅಲ್ಲಿಂದ ಮುಂದೆ, ಗುಂಡನ್ನು ತಿರುಗಿಸುವ ಸುರುಳಿ ಗೀರುಗಳು ತಕ್ಷಣ ಆರಂಭವಾಗುವುದಿಲ್ಲ. ನಡುವೆ ಗೀರಿಲ್ಲದ ಒಂದು ನುಣುಪಾದ ತುಂಡು ಇರುತ್ತದೆ. ಅದರ ಅಗಲ ಗುಂಡಿಗಿಂತ ಕೂದಲೆಳೆಯಷ್ಟು ಮಾತ್ರ ಹೆಚ್ಚು. ಉದ್ದ ಕೆಲವು ರೈಫಲುಗಳಲ್ಲಿ ಒಂದು ಮಿಲಿಮೀಟರೂ ಇಲ್ಲ, ಕೆಲವದರಲ್ಲಿ ಸುಮಾರು ಒಂದು ಸೆಂಟಿಮೀಟರ್. ಅದೇ ಫ್ರೀಬೋರ್. ತೋಟಾದ ಹಿತ್ತಾಳೆ ಕೊಳವೆಯಿಂದ ಹೊರಗೆ ಚಾಚಿಕೊಂಡ ಗುಂಡಿನ ಮೂತಿ ಅದರೊಳಗೆ ನಿಂತಿರುತ್ತದೆ. ಕುದುರೆ ಬಿದ್ದಾಗ ಗುಂಡು ಆ ತುಂಡನ್ನು ದಾಟಿ ಗೀರುಗಳಿಗೆ ಕಚ್ಚಿಕೊಳ್ಳಬೇಕು.

ಕಚ್ಚಿಕೊಳ್ಳುವುದೆಂದರೆ ಸಣ್ಣ ಕೆಲಸವಲ್ಲ. .30-06 ಎಂಬ ಹೆಸರಾಂತ ಬೇಟೆ ತೋಟಾವನ್ನೇ ನೋಡಿ. ಗುಂಡಿನ ದಪ್ಪ 7.82 ಮಿ.ಮೀ. ನಳಿಗೆಯ ಗೀರುಗಳ ನಡುವಿನ ಉಬ್ಬುಗಳ ಅಂತರ 7.62 ಮಿ.ಮೀ. ಪ್ರತಿ ಉಬ್ಬು ಗುಂಡಿನ ತಾಮ್ರದ ಹೊದಿಕೆಯೊಳಗೆ ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ಕೊರೆದುಕೊಂಡು ಹೋಗಬೇಕು, ಅದೂ ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತ ಕಡಿಮೆ ಹೊತ್ತಿನಲ್ಲಿ. ನಳಿಗೆಯಿಂದ ಹೊರಬೀಳುವಾಗ ಆ ಗುಂಡು ನಿಮಿಷಕ್ಕೆ ಸುಮಾರು 2 ಲಕ್ಷ ಸುತ್ತಿನ ವೇಗದಲ್ಲಿ ತಿರುಗುತ್ತಿರುತ್ತದೆ. ಗುಂಡು ನೆಟ್ಟಗೆ ಹಾರುವುದು ಈ ತಿರುಗುವಿಕೆಯಿಂದ. ಅದಕ್ಕಾಗಿ ಕೊಡಬೇಕಾದ ಬೆಲೆ ಗೀರುಗಳ ಬಾಯಲ್ಲಿ ಎದುರಾಗುವ ತಡೆ.

ಆ ತಡೆ ಯಾವ ಗಳಿಗೆಯಲ್ಲಿ ಎದುರಾಗುತ್ತದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಹೊಗೆಯಿಲ್ಲದ ಮದ್ದಿನ ಸ್ವಭಾವವೇ ವಿಚಿತ್ರ. ಬಯಲಲ್ಲಿ ಸುರಿದು ಕಡ್ಡಿ ಗೀರಿದರೆ ಸುಮ್ಮನೆ ಉರಿದುಹೋಗುತ್ತದೆ. ಮುಚ್ಚಿದ ಜಾಗದಲ್ಲಾದರೆ ಒತ್ತಡ ಏರಿದಂತೆ ಉರಿಯುವ ವೇಗ ಏರುತ್ತದೆ, ಉರಿಯುವ ವೇಗ ಏರಿದಂತೆ ಒತ್ತಡ ಮತ್ತೂ ಏರುತ್ತದೆ. ಈ ಬಗೆಯ ಮದ್ದನ್ನು 1884ರಲ್ಲಿ ಫ್ರಾನ್ಸಿಗೆ ಮೊದಲು ತಯಾರಿಸಿಕೊಟ್ಟ ಪಾಲ್ ವಿಯೆಲ್ ಎಂಬ ರಸಾಯನಶಾಸ್ತ್ರಜ್ಞನ ಹೆಸರಿನಲ್ಲೇ ಆ ನಿಯಮವೂ ಇದೆ. ಇನ್ನು ಲೆಕ್ಕ ಹಾಕಿ. ಗುಂಡಿನ ಮೂತಿ ಮೊದಲೇ ಗೀರಿಗೆ ತಗುಲಿಕೊಂಡು ಕೂತಿದ್ದರೆ, ಮದ್ದು ಉರಿಯಲು ತೊಡಗುವಾಗ ಗುಂಡು ಕದಲುವುದಿಲ್ಲ. ಉರಿಯಿಂದ ಹುಟ್ಟಿದ ಅನಿಲಕ್ಕೆ ಹಿಗ್ಗಲು ಜಾಗವಿಲ್ಲ. ಒತ್ತಡ ಬೇಗನೆ ಏರಿ, ಉರಿಯನ್ನು ಕೆರಳಿಸಿ, ತನ್ನ ತುದಿಯನ್ನು ಇನ್ನೂ ಎತ್ತರಕ್ಕೆ ಒಯ್ಯುತ್ತದೆ. ಗುಂಡಿನ ಮುಂದೆ ಒಂದಿಷ್ಟು ಖಾಲಿ ಜಾಗ ಇದ್ದರೆ ಕಥೆ ಬೇರೆ. ಕೊಳವೆಯ ಕುತ್ತಿಗೆಯ ಹಿಡಿತವೊಂದನ್ನು ಬಿಡಿಸಿಕೊಂಡು ಗುಂಡು ಮೊದಲೇ ಹೊರಡುತ್ತದೆ, ಹಿಂದೆ ಜಾಗ ತೆರೆದುಕೊಳ್ಳುತ್ತದೆ, ಗೀರಿಗೆ ಬಂದು ಮುಟ್ಟುವ ಹೊತ್ತಿಗೆ ಅದಕ್ಕೆ ಓಟ ಸಿಕ್ಕಿರುತ್ತದೆ. ಒತ್ತಡದ ಶಿಖರ ತಗ್ಗುತ್ತದೆ.

ಇದನ್ನು ಬಂಡವಾಳ ಮಾಡಿಕೊಂಡವರು ಕ್ಯಾಲಿಫೋರ್ನಿಯಾದ ರಾಯ್ ವೆದರ್‌ಬಿ. 1945ರಿಂದ ತಮ್ಮದೇ ಕಂಪನಿ ನಡೆಸಿದ ಅವರು .300 ವೆದರ್‌ಬಿ ಮ್ಯಾಗ್ನಮ್ ರೈಫಲಿಗೆ ಸುಮಾರು 9 ಮಿ.ಮೀ. ಉದ್ದದ ಫ್ರೀಬೋರ್ ಕೊಟ್ಟರು. ಶಿಖರ ತಗ್ಗಿದ್ದರಿಂದ ಸಿಕ್ಕ ಅವಕಾಶವನ್ನು ಇನ್ನಷ್ಟು ಮದ್ದು ತುಂಬಲು ಬಳಸಿ, ಗುಂಡಿನ ವೇಗ ಹೆಚ್ಚಿಸಿದರು. ವ್ಯಾಪಾರ ಭರ್ಜರಿಯಾಯಿತು. ಆದರೆ ಅದೇ ತೋಟಾವನ್ನು ಫ್ರೀಬೋರ್ ಕಡಿಮೆಯಿರುವ ಬೇರೆಯವರ ಚೇಂಬರಿನಲ್ಲಿ ಹಾರಿಸಿದಾಗ ಒತ್ತಡ ಅಪಾಯದ ಗೆರೆ ದಾಟುತ್ತಿತ್ತು. ತೋಟಾ ಅದೇ, ಹೆಸರು ಅದೇ, ನಳಿಗೆಯೊಳಗಿನ ಕೆಲವು ಮಿಲಿಮೀಟರ್ ಮಾತ್ರ ಬೇರೆ. ಸೈನ್ಯದ 5.56 ಮಿ.ಮೀ. ತೋಟಾ ಮತ್ತು ನಾಗರಿಕರ .223 ರೆಮಿಂಗ್‌ಟನ್ ತೋಟಾಗಳ ವಿಷಯದಲ್ಲೂ ಇದೇ ತಕರಾರು. ಎರಡೂ ಒಂದೇ ಚೇಂಬರಿನಲ್ಲಿ ಕೂರುತ್ತವೆ. ಸೈನ್ಯದ (ನೇಟೋ) ಚೇಂಬರಿನ ಫ್ರೀಬೋರ್ ಸುಮಾರು 1.4 ಮಿ.ಮೀ., ನಾಗರಿಕ ಚೇಂಬರಿನದು ಅದರ ಅರ್ಧಕ್ಕೂ ಕಡಿಮೆ. ಸೈನ್ಯದ ತೋಟಾವನ್ನು ನಾಗರಿಕ ರೈಫಲಿನಲ್ಲಿ ಹಾರಿಸಬೇಡಿ ಎಂದು ಅಮೆರಿಕದ ತಯಾರಕರು ಎಚ್ಚರಿಸುವುದು ಅದಕ್ಕೇ. ತೋಟಾ ಸರಾಗವಾಗಿ ಒಳಗೆ ಹೋಯಿತು, ಬೋಲ್ಟ್ ಮುಚ್ಚಿತು ಎಂದಮಾತ್ರಕ್ಕೆ ಅದು ಆ ಬಂದೂಕಿನ ತೋಟಾ ಎನ್ನಲಾಗದು.

ಹಾಗಾದರೆ ಖಾಲಿ ಜಾಗ ಇದ್ದಷ್ಟೂ ಕ್ಷೇಮವೇ? ಕೇಪಿನ ಬಂದೂಕಿನವರನ್ನು ಕೇಳಿದರೆ ಅದಕ್ಕೆ ತಲೆಕೆಳಗಾದ ಉತ್ತರ ಬರುತ್ತದೆ. ಅವರ ಮೊದಲ ಪಾಠವೇ ಮದ್ದಿಗೂ ಗುಂಡಿಗೂ ನಡುವೆ ಗಾಳಿ ಇರಕೂಡದು ಎಂಬುದು. ಬಾಯಿಯಿಂದ ಮದ್ದು ಸುರಿದು, ನಾರು ತುರುಕಿ, ಗುಂಡು ಇಳಿಸಿ, ಗಜದಿಂದ ತಳ ಮುಟ್ಟುವವರೆಗೆ ಬಡಿಯಬೇಕು. ಗುಂಡು ಅರ್ಧ ದಾರಿಯಲ್ಲಿ ನಿಂತರೆ ನಳಿಗೆ ಅಲ್ಲೇ ಉಬ್ಬುತ್ತದೆ, ಇಲ್ಲವೇ ಸೀಳುತ್ತದೆ. ಎರಡೂ ಮಾತು ನಿಜ. ವ್ಯತ್ಯಾಸ ಇಷ್ಟೆ: ರೈಫಲಿನ ಖಾಲಿ ಜಾಗ ಗುಂಡಿನ ಮುಂದಿದೆ, ಇಲ್ಲಿಯದು ಗುಂಡಿನ ಹಿಂದಿದೆ.

ಮುಂದಿನ ಜಾಗವನ್ನು ದಾಟುವುದು ಗುಂಡು. ಅದಕ್ಕೆ ತೂಕವಿದೆ, ನಿಧಾನವಾಗಿ ಓಟ ಹಿಡಿಯುತ್ತದೆ, ಒತ್ತಡವನ್ನು ಹಂಚುತ್ತದೆ. ಹಿಂದಿನ ಜಾಗವನ್ನು ದಾಟುವುದು ಉರಿಯ ಬಿಸಿ ಅನಿಲ. ಬಹಳ ಹಗುರವಾದ್ದರಿಂದ ಅದು ಭಾರಿ ವೇಗದಲ್ಲಿ ನುಗ್ಗಿ, ಕದಲದೆ ನಿಂತ ಗುಂಡಿನ ಬುಡಕ್ಕೆ ಅಪ್ಪಳಿಸುತ್ತದೆ. ಗಕ್ಕನೆ ನಿಂತ ಅನಿಲದ ವೇಗವೆಲ್ಲ ಅದೇ ಜಾಗದಲ್ಲಿ ಒತ್ತಡವಾಗುತ್ತದೆ. ನಳಿಗೆಯ ಬುಡದಲ್ಲಿ ಕಬ್ಬಿಣ ದಪ್ಪ, ಮುಂದೆ ಹೋದಂತೆ ತೆಳು. ಹೊಡೆತ ಬೀಳುವುದು ತೆಳುವಾದಲ್ಲಿ. ಅದಕ್ಕೇ ಇಂಥ ನಳಿಗೆಗಳಲ್ಲಿ ಉಬ್ಬು ಉಂಗುರದ ಹಾಗೆ ಒಂದೇ ಕಡೆ ಕಾಣಿಸುತ್ತದೆ. ತುಂಬಿಟ್ಟ ಬಂದೂಕನ್ನು ಬಾಯಿ ಕೆಳಗೆ ಮಾಡಿ ಹೆಗಲಿಗೆ ಹಾಕಿಕೊಂಡು ಹೊಲದ ಬದುವಿನ ಮೇಲೆ ನಡೆದರೂ, ಸೈಕಲ್ಲಿಗೆ ಕಟ್ಟಿ ಕುಲುಕಿಸಿದರೂ, ಸಡಿಲಾದ ಗುಂಡು ಮುಂದಕ್ಕೆ ಜಾರಬಹುದು. ಗಜಕ್ಕೆ ಒಂದು ಗುರುತು ಹಾಕಿ, ಹಾರಿಸುವ ಮೊದಲು ಅಳೆದು ನೋಡುವ ಪದ್ಧತಿ ಇರುವುದು ಈ ಕಾರಣಕ್ಕೆ. ಬಿಚ್ಚಿದ ತೋಟಾದ ಹೊಗೆಯಿಲ್ಲದ ಮದ್ದನ್ನು ಕೇಪಿನ ಬಂದೂಕಿಗೆ ಸುರಿದರಂತೂ ಗಾಳಿ ಇರಲಿ ಬಿಡಲಿ, ನಳಿಗೆ ತಡೆಯಲಾರದು. ಅದನ್ನು ಮಾಡಿರುವುದು ಕರಿಮದ್ದಿನ ಮೆತ್ತನೆಯ ಒತ್ತಡಕ್ಕೆ.

ಗುಂಡು ಸಡಿಲಿರಬೇಕೋ ಬಿಗಿಯಿರಬೇಕೋ ಎಂಬ ಜಗಳ ಒಂದು ಕಾಲಕ್ಕೆ ರಾಜಕೀಯವನ್ನೇ ಅಲ್ಲಾಡಿಸಿತು. ಬಾಯಿಯಿಂದ ತುಂಬುವ ಬಂದೂಕಿಗೆ ಸುರುಳಿ ಗೀರು ಕೊರೆದರೆ, ಗುಂಡು ಒಳಗೆ ಇಳಿಯಲು ಸಡಿಲಿರಬೇಕು, ಹೊರಗೆ ಬರುವಾಗ ಗೀರಿಗೆ ಬಿಗಿಯಾಗಬೇಕು. 1853ರ ಎನ್‌ಫೀಲ್ಡ್ ರೈಫಲು ಇದನ್ನು ಚಮತ್ಕಾರದಿಂದ ಬಿಡಿಸಿತು. ನಳಿಗೆಯ ಅಗಲ ಸುಮಾರು 14.7 ಮಿ.ಮೀ., ಗುಂಡಿನದು ಮೊದಲು 14.4, ಮುಂದೆ ಸುಮಾರು 14. ಸೀಸದ ಗುಂಡಿನ ಬುಡ ಪೊಳ್ಳು. ಮದ್ದು ಹತ್ತಿದಾಗ ಬುಡ ಅರಳಿ ಗೀರಿಗೆ ಕಚ್ಚುತ್ತಿತ್ತು. ಗುಂಡು ಸಲೀಸಾಗಿ ಇಳಿಯಲಿ, ನಳಿಗೆ ಕೊಳೆಯಾಗದಿರಲಿ ಎಂದು ಕಾಗದದ ತೋಟಾಕ್ಕೆ ಕೊಬ್ಬು ಸವರುತ್ತಿದ್ದರು. ಆ ಕೊಬ್ಬಿನ ಸುದ್ದಿ 1857ರಲ್ಲಿ ಎಲ್ಲಿಗೆ ಮುಟ್ಟಿತೆಂಬುದು ಶಾಲೆಯ ಮಕ್ಕಳಿಗೂ ಗೊತ್ತು.

ನಮ್ಮ ಕಡೆ ಕಿಡಿ ಹತ್ತಿದ್ದು ಕೊಬ್ಬಿನಿಂದಲ್ಲ, ಆಯುಧ ಕಸಿಯುವ ಕಾಯ್ದೆಯಿಂದ. ಅದೇ ವರ್ಷದ ಕೊನೆಗೆ ಮುಧೋಳದ ಬಳಿಯ ಹಲಗಲಿಯ ಬೇಡರು ಹತಾರ ಕೊಡೆವು ಎಂದು ನಿಂತರು. 1858ರ ಮೇ ತಿಂಗಳ ಕೊನೆಗೆ ಮುಂಡರಗಿ ಭೀಮರಾಯರು ಹಮ್ಮಿಗಿಯ ಕೆಂಚನಗೌಡರ ಜತೆಗೂಡಿ ಡಂಬಳದ ಖಜಾನೆ ವಶಪಡಿಸಿಕೊಂಡು ಕೊಪ್ಪಳದ ಕೋಟೆ ಹಿಡಿದರು, ಜೂನ್ ಆರಂಭದಲ್ಲಿ ಅಲ್ಲಿಯೇ ಮಡಿದರು. ಆ ದಿನಗಳಲ್ಲಿ ಹಳ್ಳಿಗಳಲ್ಲಿದ್ದ ಬಂದೂಕುಗಳು ಬಹುಮಟ್ಟಿಗೆ ಬತ್ತಿ ಹಚ್ಚುವಂಥವು, ಒಳಮೈ ನುಣುಪು, ಗುಂಡು ಸಡಿಲು. ನೂರು ಗಜದಾಚೆ ಗುರಿ ದೇವರ ಪಾಲು. ಎನ್‌ಫೀಲ್ಡಿನ ಗುಂಡು ಅದರ ಹಲವು ಪಟ್ಟು ದೂರ ನೆಟ್ಟಗೆ ಹೋಗುತ್ತಿತ್ತು. ಎರಡು ಪಕ್ಷಗಳ ನಡುವಿನ ಅಂತರದಲ್ಲಿ ಗುಂಡಿನ ಬಿಗಿಯ ಪಾಲೂ ಇತ್ತು ಎಂದರೆ ವೀರರ ನೆನಪಿಗೆ ಕುಂದಾಗದು.

ಹಿಂದಿನಿಂದ ತೋಟಾ ತುಂಬುವ ಬಂದೂಕು ಬಂದಮೇಲೆ ಆ ಚಮತ್ಕಾರ ಬೇಕಾಗಲಿಲ್ಲ. ಗುಂಡು ಬಾಯಿಯಿಂದ ಇಳಿಯಬೇಕಿಲ್ಲವಾದ್ದರಿಂದ ಮೊದಲೇ ಪೂರಾ ದಪ್ಪ ಇರಬಹುದು. ಆದರೆ ಅದು ಹಿಂದಿನಿಂದ ಗೀರಿಗೆ ಪ್ರವೇಶ ಮಾಡಬೇಕು, ಅದಕ್ಕೊಂದು ಬಾಗಿಲು ಬೇಕು. ಫ್ರೀಬೋರ್ ಎಂಬ ತುಂಡು ನಳಿಗೆಯಲ್ಲಿ ಜಾಗ ಹಿಡಿದದ್ದು ಹೀಗೆ.

ಹನ್ನೆರಡು ಬೋರಿನಲ್ಲಿ ಗೀರೇ ಇಲ್ಲ. ಆದರೂ ಚೇಂಬರಿನ ಮುಂದೆ ಲಾಳಿಕೆಯ ಹಾಗೆ ಕಿರಿದಾಗುವ ಒಂದು ಭಾಗ ಇದೆ. ಮನೆಯಲ್ಲಿ ತಾತನ ಕಾಲದ ಇಂಗ್ಲಿಷ್ ಬಂದೂಕು ಇರುವವರು ಈ ಪ್ಯಾರಾವನ್ನು ಎರಡು ಸಲ ಓದಬೇಕು. ಹಳೆಯ ಇಂಗ್ಲಿಷ್ ಬಂದೂಕುಗಳ ಚೇಂಬರ್ ಬಹಳ ಸಲ ಎರಡೂವರೆ ಇಂಚು, ಅಂದರೆ ಸುಮಾರು 65 ಮಿ.ಮೀ. ಇಂದಿನ ಬಹಳಷ್ಟು ತೋಟಾಗಳು 70 ಮಿ.ಮೀ. ಆ ಅಳತೆ ಹಾರಿಸಿದ ಮೇಲಿನದು, ತುದಿಯ ಮಡಿಕೆ ಬಿಚ್ಚಿಕೊಂಡಾಗಿನದು. ಹಾರಿಸದ ತೋಟಾ 65ಕ್ಕಿಂತ ಗಿಡ್ಡ. ಹಾಗಾಗಿ ಹಳೆಯ ಚೇಂಬರಿನಲ್ಲಿ ಅದು ಯಾವ ಅಡ್ಡಿಯಿಲ್ಲದೆ ಕೂರುತ್ತದೆ, ಬಂದೂಕೂ ಸರಿಯಾಗಿ ಮುಚ್ಚುತ್ತದೆ. ಹಾರಿಸಿದಾಗ ಮಡಿಕೆ ಬಿಚ್ಚಿಕೊಳ್ಳುವುದು ಕಿರಿದಾದ ಭಾಗದ ಒಳಗೆ. ಚರೆ ಹೊರಗೆ ಹೋಗಬೇಕಾದ ದಾರಿಯೇ ಬಿಗಿಯುತ್ತದೆ, ಒತ್ತಡ ಏರುತ್ತದೆ. ಹನ್ನೆರಡು ಬೋರಿನ ಸಾಮಾನ್ಯ ತೋಟಾಗಳಿಗೆ ಯುರೋಪಿನ ಮಾನದಂಡ ಒಪ್ಪುವ ಗರಿಷ್ಠ 740 ಬಾರ್. .30-06 ರೈಫಲಿಗೆ ಅದು 4,050 ಬಾರ್. ಎರಡರ ನಳಿಗೆಯ ದಪ್ಪ ಹೋಲಿಸಿದರೆ ಚರೆ ಬಂದೂಕಿಗೆ ಹೆಚ್ಚಿನ ಒತ್ತಡ ತಡೆಯುವ ತ್ರಾಣ ಎಷ್ಟು ಕಡಿಮೆ ಎಂಬುದು ತಿಳಿಯುತ್ತದೆ. ನಳಿಗೆಯನ್ನು ಬಿಚ್ಚಿ ಅಡಿಭಾಗ ನೋಡಿದರೆ ಒತ್ತಡದ ಪರೀಕ್ಷೆಯಾದ ಗುರುತಿನ ಪ್ರೂಫ್ ಮುದ್ರೆಗಳಿರುತ್ತವೆ. ಹಲವದರಲ್ಲಿ ಚೇಂಬರಿನ ಉದ್ದವನ್ನೂ ಕೆತ್ತಿರುತ್ತಾರೆ.

ಮತ್ತೆ ರೈಫಲಿಗೆ ಬರೋಣ. ಗುರಿಯ ವಿಷಯದಲ್ಲಿ ಫ್ರೀಬೋರಿನ ಉದ್ದಕ್ಕಿಂತ ಅದರ ನೇರವೇ ಮುಖ್ಯ ಎಂಬುದು ನನ್ನ ತಿಳಿವಳಿಕೆ. ಎರೆಭೂಮಿಯಲ್ಲಿ ಮಳೆ ನಿಂತಮೇಲೆ ಚಕ್ಕಡಿಯ ಜಾಡು ಕಲ್ಲಿನಂತೆ ಗಟ್ಟಿಯಾಗುತ್ತದೆ. ಗಾಲಿ ನೆಟ್ಟಗೆ ಜಾಡಿಗೆ ಇಳಿದರೆ ಗಾಡಿ ಊರು ಮುಟ್ಟುವವರೆಗೂ ನೆಟ್ಟಗೆ ಹೋಗುತ್ತದೆ, ವಾರೆಯಾಗಿ ಇಳಿದರೆ ಅಚ್ಚು ಕೊನೆಯವರೆಗೂ ವಾರೆ. ಗುಂಡಿನದೂ ಅದೇ ಪಾಡು. ಫ್ರೀಬೋರ್ ಗುಂಡಿಗಿಂತ ಹೆಚ್ಚು ಅಗಲವಿದ್ದರೆ, ಆ ಖಾಲಿ ಜಾಗ ದಾಟುವಾಗ ಗುಂಡು ತುಸು ಓರೆಯಾಗುತ್ತದೆ, ಓರೆಯಾಗಿಯೇ ಗೀರಿಗೆ ಕಚ್ಚುತ್ತದೆ. ಬಾಯಿ ದಾಟಿದ ಮೇಲೆ ಅದು ತನ್ನ ನಡುಗೆರೆಯ ಸುತ್ತ ತಿರುಗದೆ ತೂರಾಡುತ್ತದೆ. ಅಗಲ ಗುಂಡಿಗೆ ಸರಿಹೊಂದುವಂತಿದ್ದರೆ, ಉದ್ದ ಜಾಸ್ತಿ ಇದ್ದರೂ ಗುರಿ ಕೆಡಬೇಕಿಲ್ಲ. ವೆದರ್‌ಬಿ ರೈಫಲುಗಳಲ್ಲೂ ಚೆನ್ನಾಗಿ ಗುರಿ ಹೊಡೆದವರಿದ್ದಾರೆ. ಗುಂಡಿನ ಆಕಾರವೂ ಇದರಲ್ಲಿ ಸೇರುತ್ತದೆ. ಮೂತಿ ನೀಳವಾಗಿ, ಚೂಪಾಗಿರುವ ಕೆಲವು ಗುಂಡುಗಳು ಗೀರಿಗೆ ತೀರಾ ಹತ್ತಿರ ಕೂತರೇ ಚೆನ್ನ. ದುಂಡನೆಯ ಹೆಗಲಿನವು ದೂರವನ್ನು ಸಹಿಸುತ್ತವೆ.

ಸ್ಪರ್ಧೆಯ ರೈಫಲು ಮತ್ತು ಬೇಟೆಯ ರೈಫಲು ಬೇರೆಯಾಗುವುದು ಇಲ್ಲಿ. 50 ಮೀಟರ್ ಗುರಿಯಲ್ಲಿ ಬಳಸುವ .22 ರೈಫಲುಗಳ ಚೇಂಬರು ಎಷ್ಟು ಬಿಗಿಯೆಂದರೆ ತೋಟಾ ತಳ್ಳುವಾಗಲೇ ಸೀಸದ ಗುಂಡಿಗೆ ಗೀರಿನ ಗುರುತು ಬೀಳುತ್ತದೆ. ಬೇಟೆಗಾರನಿಗೆ ಅದು ಬೇಡ. ದೂಳು, ಬೆವರು, ಕಾಡಿನ ತೇವ ಇರುವಲ್ಲಿ ತೋಟಾ ಒಂದೇ ತಳ್ಳಿಗೆ ಒಳಗೆ ಹೋಗಬೇಕು, ಹಾರಿಸದಿದ್ದರೆ ಹಾಗೇ ಹೊರಗೂ ಬರಬೇಕು. ಗುಂಡಿನ ಮೂತಿ ಗೀರಿನಲ್ಲಿ ಸಿಕ್ಕಿಕೊಂಡಿದ್ದರೆ, ತೋಟಾ ಎಳೆದಾಗ ಗುಂಡು ನಳಿಗೆಯಲ್ಲೇ ಉಳಿದು ಮದ್ದೆಲ್ಲ ಬೋಲ್ಟಿನೊಳಗೆ ಚೆಲ್ಲುತ್ತದೆ. ಮುಂದಿನ ತೋಟಾ ಹಾಕಲು ದಾರಿಯಿಲ್ಲ. ಗೊತ್ತಿಲ್ಲದೆ ಒತ್ತಿ ಹಾಕಿದರೆ ಇನ್ನೂ ಕೆಟ್ಟದು, ಮುಂದೊಂದು ಗುಂಡು ಅಡ್ಡ ಇದೆ. ತೇಜಸ್ವಿಯವರ ಕನ್ನಡದಲ್ಲಿ ನಮಗೆಲ್ಲ ಪರಿಚಯವಾದ ಬೆಂಗಳೂರಿನ ಬೇಟೆಗಾರ ಕೆನೆತ್ ಆಂಡರ್ಸನ್ .405 ವಿಂಚೆಸ್ಟರ್ ರೈಫಲನ್ನು ನೆಚ್ಚಿಕೊಂಡವರು. ಅವರ ಕಥೆಗಳಲ್ಲಿ ನರಭಕ್ಷಕ ಎದುರಾಗುವುದು ಹತ್ತಾರು ಗಜ ದೂರದಲ್ಲಿ. ಅಷ್ಟು ಹತ್ತಿರದಲ್ಲಿ ಅರ್ಧ ಇಂಚಿನ ನಿಖರತೆಗಿಂತ ಎರಡನೇ ತೋಟಾ ಸರಿಯಾಗಿ ಕೂರುವುದೇ ಜೀವ ಉಳಿಸುತ್ತದೆ. ಅದಕ್ಕೇ ಬೇಟೆ ರೈಫಲಿನಲ್ಲಿ ಗುಂಡಿಗೂ ಗೀರಿಗೂ ನಡುವೆ ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚೇ ಅಂತರ ಬಿಡುವುದು ವಾಡಿಕೆ.

ಬಿಸಿಲೂ ಈ ಲೆಕ್ಕದಲ್ಲಿದೆ. ಮದ್ದಿನ ಉಷ್ಣತೆ ಏರಿದರೆ ಉರಿಯುವ ವೇಗವೂ ಏರುತ್ತದೆ. ಇಂಗ್ಲೆಂಡಿನ ಚಳಿಯಲ್ಲಿ ಪರೀಕ್ಷಿಸಿದ, ಕಾರ್ಡೈಟ್ ಎಂಬ ಹೊಗೆಯಿಲ್ಲದ ಮದ್ದಿನ ತೋಟಾ ಭಾರತದ ಬೇಸಗೆಯಲ್ಲಿ ಮಿತಿ ಮೀರಿ, ಖಾಲಿ ಕೊಳವೆ ಚೇಂಬರಿಗೆ ಅಂಟಿಕೊಂಡ ದೂರುಗಳು ಬಂದಮೇಲೆ, ಉಷ್ಣ ದೇಶಗಳಿಗೆಂದೇ ಮದ್ದು ಕಡಿಮೆ ಮಾಡಿದ ತೋಟಾಗಳನ್ನು ತಯಾರಿಸಿದರು. ಏಪ್ರಿಲ್ ತಿಂಗಳಲ್ಲಿ ಮುಂಡರಗಿಯ 40 ಡಿಗ್ರಿ ಬಿಸಿಲಿಗೆ ಜೀಪಿನಲ್ಲಿ ಬಿಟ್ಟ ತೋಟಾಕ್ಕೆ, ಫ್ರೀಬೋರ್ ಕಡಿಮೆಯಿರುವ ಚೇಂಬರೂ ಸೇರಿದರೆ, ಎರಡು ಏರಿಕೆಗಳು ಕೂಡಿಕೊಳ್ಳುತ್ತವೆ.

ಇದೇ ಕಾರ್ಡೈಟ್ ಇನ್ನೊಂದು ಪಾಠ ಕಲಿಸಿತು. ಅದರಲ್ಲಿ ಮೊದಲು ನೈಟ್ರೋಗ್ಲಿಸರಿನ್ ಪಾಲು ಶೇ. 58. ಉರಿ ಬಹಳ ಬಿಸಿ. ಬ್ರಿಟಿಷರ 1888ರ ಲೀ-ಮೆಟ್‌ಫೋರ್ಡ್ ರೈಫಲಿನ ಗೀರುಗಳು ಕರಿಮದ್ದಿನ ಮಸಿ ಅಂಟದಂತೆ ಆಳವಿಲ್ಲದೆ, ದುಂಡಗೆ ಕೊರೆದವು. ಕಾರ್ಡೈಟ್ ಅವನ್ನು ಬೇಗನೆ ತಿಂದುಹಾಕಿತು. 1895ರ ಹೊತ್ತಿಗೆ ಆಳವಾದ, ಚೌಕ ಅಂಚಿನ ಗೀರುಗಳ ಲೀ-ಎನ್‌ಫೀಲ್ಡ್ ಬಂತು. ಮುಂದೆ ಕಾರ್ಡೈಟಿನಲ್ಲೂ ನೈಟ್ರೋಗ್ಲಿಸರಿನ್ ಪಾಲನ್ನು ಶೇ. 30ಕ್ಕೆ ಇಳಿಸಿದರು. ನೀಲಗಿರಿಯ ಅರುವಂಕಾಡಿನಲ್ಲಿ, ಬಡಗರ ಹಟ್ಟಿಗಳ ಸೀಮೆಯಲ್ಲಿ, 1903ರಲ್ಲಿ ಹುಟ್ಟಿದ ಕಾರ್ಡೈಟ್ ಕಾರ್ಖಾನೆ ಈಗಲೂ ಇದೆ.

ಸವೆತ ಮೊದಲು ಹಿಡಿಯುವುದು ಗೀರುಗಳ ಆರಂಭದ ತುದಿಯನ್ನೇ. ಉರಿಯ ಉಷ್ಣತೆ 2,500 ಡಿಗ್ರಿ ದಾಟುತ್ತದೆ, ಉಕ್ಕು ಕರಗುವುದು 1,500ರ ಆಸುಪಾಸು. ಕ್ಷಣಾರ್ಧದ ಕಾವಾದ್ದರಿಂದ ಉಕ್ಕು ಕರಗಿ ಹರಿಯುವುದಿಲ್ಲ. ಬಿಸಿಯಾಗಿ ತಣಿದು, ಬಿಸಿಯಾಗಿ ತಣಿದು ಮೇಲ್ಮೈ ಬಿರುಕು ಬಿಡುತ್ತದೆ, ಬಿರುಕಿನ ಅಂಚುಗಳನ್ನು ಅನಿಲ ಕಿತ್ತೊಯ್ಯುತ್ತದೆ. ಹೀಗೆ ಫ್ರೀಬೋರ್ ತಾನಾಗಿಯೇ ಉದ್ದವಾಗುತ್ತದೆ, ಅಗಲವಾಗುತ್ತದೆ, ಒರಟಾಗುತ್ತದೆ. ಬಹಳ ಹಾರಿಸಿದ ಹಳೆಯ ರೈಫಲಿನ ನಳಿಗೆಯನ್ನು ಬಾಯಿಯಿಂದ ನೋಡಿದರೆ ಕನ್ನಡಿಯಂತೆ ಹೊಳೆಯಬಹುದು, ಗುರಿ ಮಾತ್ರ ಚದುರುತ್ತದೆ. ರೋಗ ಇರುವುದು ಇನ್ನೊಂದು ತುದಿಯಲ್ಲಿ.

1972ರ ವನ್ಯಜೀವಿ ಕಾಯ್ದೆಯ ಬಳಿಕ ಬೇಟೆ ರೈಫಲಿಗೆ ಈ ಸೀಮೆಯಲ್ಲಿ ಬೇಟೆಯ ಕೆಲಸ ಉಳಿದಿಲ್ಲ. ಗದಗ, ಮುಂಡರಗಿ, ಶಿರಹಟ್ಟಿ ಕಡೆಗೆ ಚಾಚಿದ ಕಪ್ಪತಗುಡ್ಡದ 244 ಚದರ ಕಿ.ಮೀ. 2019ರಿಂದ ವನ್ಯಜೀವಿ ಧಾಮ. ಪಟ್ಟೆತಲೆ ಹೆಬ್ಬಾತುಗಳು ಬಂದಿಳಿಯುವ ಮಾಗಡಿ ಕೆರೆ 2024ರಲ್ಲಿ ಜೌಗುನೆಲೆಗಳ ರಾಮ್ಸಾರ್ ಪಟ್ಟಿ ಸೇರಿತು. ಆದರೆ ಲೈಸೆನ್ಸಿನ ಮೇಲೆ ತಲೆಮಾರು ದಾಟಿ ಬಂದ ರೈಫಲುಗಳು ಇದ್ದೇ ಇವೆ, ಅವುಗಳ ಚೇಂಬರಿನೊಳಗೆ ಇಣುಕಿದವರು ಕಡಿಮೆ.

ಇಣುಕುವ ದಾರಿ ಹಳೆಯದು. ಬಲ್ಲ ಮಿಸ್ತ್ರಿ ನಳಿಗೆಗೆ ಬಿರಡೆ ಹಾಕಿ, ಚೇಂಬರಿನಲ್ಲಿ ಬೇಗ ಕರಗುವ ಲೋಹ ಹೊಯ್ದು ಅಚ್ಚು ತೆಗೆಯುತ್ತಾನೆ. ಹಿಂದೆ ಕರಗಿಸಿದ ಗಂಧಕವನ್ನೇ ಹೊಯ್ಯುತ್ತಿದ್ದರು. ಹೊರಬಂದ ಅಚ್ಚಿನ ಮೇಲೆ ಚೇಂಬರು ಎಲ್ಲಿ ಮುಗಿಯಿತು, ಗೀರು ಎಲ್ಲಿಂದ ಶುರು, ಸವೆತ ಎಷ್ಟು ಎಂಬುದನ್ನು ಅಳತೆಕೋಲು ಹಿಡಿದು ಓದಬಹುದು. ಮದ್ದಿಲ್ಲದ ಪೊಳ್ಳು ತೋಟಾದ ಗುಂಡಿಗೆ ದೀಪದ ಮಸಿ ಹಿಡಿಸಿ ಒಳಗೆ ಕೂರಿಸಿ ತೆಗೆದರೆ ಗೀರು ತಗುಲಿದ ಗುರುತೂ ಸಿಗುತ್ತದೆ. ಇಂಥ ಕೆಲಸ ಲೈಸೆನ್ಸ್ ಪಡೆದ ಬಂದೂಕು ಅಂಗಡಿಯವರದು, ಮನೆಯಂಗಳದ್ದಲ್ಲ. ಅಲ್ಲಿ ಕೇಳಬೇಕಾದ ಮೂರು ಪ್ರಶ್ನೆ: ಈ ಚೇಂಬರಿನ ಉದ್ದ ಎಷ್ಟು, ನಾನು ಕೊಳ್ಳುವ ತೋಟಾ ಅದಕ್ಕೆ ಹೇಳಿದ್ದೇ, ಗುಂಡಿಗೂ ಗೀರಿಗೂ ನಡುವೆ ಈಗ ಎಷ್ಟು ಜಾಗ ಉಳಿದಿದೆ.